ಅತ್ತೆಯ ಪಾಸ್‌ಪೋರ್ಟಿನ ಎರಡನೆಯ ಹೆಸರು

ಮಸ್ಕತ್‌ನಲ್ಲಿರುವ ನನ್ನ ನಾದಿನಿ ಶೃತಿಗೆ ಹೋದ ಸಲ ಏಳನೆಯ ತಿಂಗಳಲ್ಲಿ ಮಗು ಉಳಿಯಲಿಲ್ಲ. ಈ ಸಲ ಡಾಕ್ಟರು ಆಪರೇಷನ್ ಮಾಡಿಯೇ ಹೆರಿಗೆ ಮಾಡಿಸುವುದೆಂದು ಹೇಳಿ, ಮುಂದಿನ ತಿಂಗಳ ಒಂದು ಗುರುವಾರವನ್ನು ಗೊತ್ತುಮಾಡಿದ್ದರು. ಫೋನಿನಲ್ಲಿ ಅವಳು ಅಳಲಿಲ್ಲ. "ಅತ್ತಿಗೆ, ಅವ್ವ ನನ್ನ ಪಕ್ಕದಲ್ಲಿರ್ಬೇಕು. ಹೆಂಗಾದ್ರೂ ಮಾಡಿ ಕರ್ಕೊಂಡ್ ಬನ್ನಿ," ಅಂದಳು. ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ.

ಕೊಟ್ಟ ಮೇಲೆ ಹೆದರಿಕೆ ಶುರುವಾಯಿತು. ನಾನು ಹೆದರುವವಳೇ. ಗ್ಯಾಸ್ ಆರಿಸಿದ್ದೇನೆಯೇ ಎಂದು ಬೀದಿಯ ತುದಿಯಿಂದ ವಾಪಸ್ ಬಂದು ನೋಡುವ ಜಾತಿ. ಅತ್ತೆ ಸೊಣ್ಣಮ್ಮ ತಿರುಪತಿಯ ಆಚೆಗೆ ಹೋದವರಲ್ಲ. ಸುದ್ದಗುಂಟೆಪಾಳ್ಯದಲ್ಲಿ ಈಗ ನಮ್ಮ ಬಾಡಿಗೆ ಮನೆಗಳು ನಿಂತಿರುವ ಜಾಗದಲ್ಲಿ, ಅವರು ಮದುವೆಯಾಗಿ ಬಂದಾಗ, ಸೊಪ್ಪು ಬೆಳೆಯುತ್ತಿದ್ದರಂತೆ. ಮಾವ ಚಿಕ್ಕಬೈರಪ್ಪನವರಿಗೆ ಮಂಡಿ ಆಪರೇಷನ್ ಆಗಿತ್ತು, ವಾಕರ್ ಹಿಡಿದು ಓಡಾಡುತ್ತಿದ್ದರು. ನನ್ನ ಗಂಡ ರವಿಕಿರಣನ ಪಾಸ್‌ಪೋರ್ಟಿನ ಅವಧಿ ಮುಗಿದಿದ್ದದ್ದು ವೀಸಾಕ್ಕೆ ಕೊಡಲು ಹೋದ ದಿನ ಗೊತ್ತಾಯಿತು. ಉಳಿದವಳು ನಾನು.

ಕತ್ರಿಗುಪ್ಪೆಯಲ್ಲಿ ಟ್ರಾವೆಲ್ಸ್ ನಡೆಸುವ ಮಹಾಂತೇಶ್ ಟಿಕೆಟ್ ಕೊಡುವ ಮೊದಲು ಮೂರು ಪಾಸ್‌ಪೋರ್ಟುಗಳ ಜೆರಾಕ್ಸನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಶೃತಿ ಚಿದಾನಂದ್. ಸೊಣ್ಣಮ್ಮ ಚಿಕ್ಕಬೈರಪ್ಪ. ಶ್ವೇತ ಶಿವರಾಮ್.

"ಒಂದೇ ಮನೆಯವರು ಅಂತ ಹೆಂಗ್ ಹೇಳೋದು ಮೇಡಂ? ಮೂರು ಜನಕ್ಕೆ ಮೂರು ಸರ್‌ನೇಮು."

"ನಮ್ಮಲ್ಲಿ ಮನೆತನದ ಹೆಸರು ಅಂತ ಇಲ್ವಲ್ಲ. ಶೃತಿಗೆ ಅವಳ ಗಂಡನ ಹೆಸರು, ಅತ್ತೆಗೆ ಮಾವನ ಹೆಸರು, ನನಗೆ ನಮ್ಮಪ್ಪನ ಹೆಸರು."

"ಮದುವೆ ಆದ್ಮೇಲೂ ಯಾಕೆ ಚೇಂಜ್ ಮಾಡಿಸ್ಲಿಲ್ಲ ನೀವು?"

ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆಯಾದರೂ ಅತ್ತೆ ಕೇಳುತ್ತಾರೆ. ಡಿಗ್ರಿ, ಕೆಲಸ, ಬ್ಯಾಂಕು ಎಲ್ಲ ಆ ಹೆಸರಿನಲ್ಲಿದೆ ಎಂದು ನಾನು ಕಾರಣ ಕೊಡುತ್ತೇನೆ. ಅವು ನಿಜವಾದ ಕಾರಣಗಳೇ. ಆದರೆ ಅವು ಇಲ್ಲದಿದ್ದರೂ ನಾನು ಬದಲಾಯಿಸುತ್ತಿರಲಿಲ್ಲ. ಮಹಾಂತೇಶ್‌ಗೆ, "ಬೇಡ ಅನ್ನಿಸ್ತು," ಎಂದಷ್ಟೇ ಹೇಳಿದೆ.

"ಸರಿ, ಈಗ ಬದಲಾಯಿಸೋಕೆ ಟೈಮೂ ಇಲ್ಲ. ಮದುವೆ ಸರ್ಟಿಫಿಕೇಟ್ ಇಟ್ಕೊಳ್ಳಿ, ನಡೆಯುತ್ತೆ." ಅವರು ಪೆನ್ನಿನಿಂದ ಅತ್ತೆಯ ಫೋಟೋದ ಮೇಲೆ ಮೆಲ್ಲಗೆ ತಟ್ಟಿದರು. "ಒಂದು ಮಾತು ಮೇಡಂ. ಅಮ್ಮ ಓದಿಲ್ಲ, ಮೊದಲನೇ ಸಲ ವಿಮಾನ ಹತ್ತೋದು, ಅದೂ ಗಲ್ಫ್‌ಗೆ. ವಿಸಿಟ್ ವೀಸಾದಲ್ಲಿ ಹೆಂಗಸರನ್ನ ಕರ್ಕೊಂಡ್ ಹೋಗಿ ಮನೆಗೆಲಸಕ್ಕೆ ಹಚ್ಚಿಬಿಡೋ ಏಜೆಂಟ್‌ಗಳಿದ್ದಾರೆ. ಹೆಂಗಸು ಏಜೆಂಟ್‌ಗಳೂ ಇದ್ದಾರೆ. ಅನುಮಾನ ಬಂದ್ರೆ ಏರ್‌ಪೋರ್ಟ್‌ನಲ್ಲಿ ಇಮಿಗ್ರೇಶನ್‌ನವರು ಪಕ್ಕಕ್ಕೆ ಕರೆದು ಅಮ್ಮನ್ನೇ ಕೇಳ್ತಾರೆ. ಪಟ್ ಅಂತ ಉತ್ತರ ಬರ್ಬೇಕು."

ಮನೆಗೆ ಬಂದು ಸರ್ಟಿಫಿಕೇಟ್ ತೆಗೆದು ನೋಡಿದೆ. ಶಿವರಾಮ್ ಅವರ ಮಗಳು ಶ್ವೇತ, ಚಿಕ್ಕಬೈರಪ್ಪನವರ ಮಗ ರವಿಕಿರಣ್. ಅಂದರೆ ನನ್ನನ್ನೂ ಅತ್ತೆಯನ್ನೂ ಕಾಗದದ ಮೇಲೆ ಸೇರಿಸುತ್ತಿದ್ದುದು ಚಿಕ್ಕಬೈರಪ್ಪ ಎಂಬ ಒಂದೇ ಹೆಸರು. ಆ ಹೆಸರನ್ನು ಅತ್ತೆ ಇಡೀ ಜೀವಮಾನದಲ್ಲಿ ಬಾಯಿಬಿಟ್ಟು ಹೇಳಿದವರಲ್ಲ. ಗಂಡನ ಹೆಸರು ಹೇಳಬಾರದು, ಅಷ್ಟೆ. ತಳ್ಳುಗಾಡಿಯಲ್ಲಿ ತರಕಾರಿ ತರುವವನ ಹೆಸರು ಬೈರಪ್ಪ ಎಂದು ಅವನನ್ನೂ 'ಟೊಮೆಟೊ ಅಣ್ಣ' ಎಂದೇ ಕರೆಯುತ್ತಾರೆ.

ಅಂದಿನಿಂದ ಅತ್ತೆಗೆ ಪಾಠ ಶುರುಮಾಡಿದೆ. ಅವರೆಕಾಯಿಯ ಕಾಲ. ಅಂಗಳದಲ್ಲಿ ಚಾಪೆ ಹಾಕಿಕೊಂಡು ಸುಲಿಯಲು ಕೂತಾಗ, ಮೊದಲ ಮಹಡಿಯಲ್ಲಿ ಬಾಡಿಗೆಗಿರುವ ಜಯಾ ಕೂಡ ಬಂದು ಕೂರುತ್ತಿದ್ದಳು.

"ನಿಮ್ಮ ಹೆಸರೇನು?"

"ಯಾಕೆ, ನಿಂಗೊತ್ತಿಲ್ವೇನಮ್ಮಿ?"

"ನಾನು ಆಫೀಸರ್ ಅಂದ್ಕೊಳ್ಳಿ ಅತ್ತೆ."

"ಆಫೀಸರು ನೈಟಿ ಹಾಕ್ಕೊಂಡು ಕಾಳು ಸುಲೀತಾರಾ?"

ಜಯಾ ನಕ್ಕಳು. ನಾನು ನಗಲಿಲ್ಲ. "ಎಲ್ಲಿಗೆ ಹೋಗ್ತಿದ್ದೀರಾ?"

"ಮಸ್ಕತ್ತು."

"ಯಾಕೆ?"

"ಮಗಳ ಬಾಣಂತನಕ್ಕೆ. ಒಂದ್ ತಿಂಗ್ಳು. ವಾಪಸ್ ಟಿಕೆಟ್ ಐತೆ."

"ಗಂಡನ ಹೆಸರು?"

ಅತ್ತೆ ಒಂದು ಕಾಯಿಯನ್ನು ಬಿಡಿಸಿ, ಹುಳು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. "ನಮ್ಮೆಜಮಾನ್ರು."

"ಹೆಸರು, ಅತ್ತೆ."

"ರವಿ ಅವ್ರಪ್ಪ."

"ಆಂಟಿ, ಒಂದ್ಸಲ ಹೇಳ್ಬಿಡಿ," ಅಂದಳು ಜಯಾ. "ಅಂಕಲ್‌ಗೆ ಏನೂ ಆಗಲ್ಲ."

"ನೀನು ಗಂಡನ್ನ ಲೋ ಅಂತೀಯ, ನಿನ್ ಹತ್ರ ನಾನೇನ್ ಕೇಳ್ಲಿ."

ಒಳಗಿನಿಂದ ವಾಕರಿನ ಸದ್ದಾಯಿತು. ಮಾವ ಬಾಗಿಲಿಗೆ ಬಂದು ನಿಂತರು. "ಅದ್ಯಾಕಿಂಗ್ ಆಡ್ತೀಯೇ? ಹೇಳು ಮತ್ತೆ. ನಾನೇನ್ ಸತ್ತೋಗ್ತೀನಾ?"

"ಬಿಡ್ತು ಅನ್ನಿ," ಎಂದು ಅತ್ತೆ ಮೊರವನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದರು. ಆ ದಿನದ ಪಾಠ ಅಲ್ಲಿಗೆ ಮುಗಿಯಿತು.

ನಾನು ಬಿಡಲಿಲ್ಲ. ದಿನವೂ ಕೇಳಿದೆ. ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರು ಮಗ್ಗಿಯಂತೆ ಒಪ್ಪಿಸತೊಡಗಿದರು. ಒಡವೆ ಕಂಡರೆ ಕಸ್ಟಮ್ಸಿನವರು ತಗಾದೆ ತೆಗೆಯಬಹುದು ಎಂದು ಎರಡೆಳೆ ಸರ, ಬಳೆ, ಓಲೆ ಎಲ್ಲವನ್ನೂ ಬಿಚ್ಚಿಸಿ ಬ್ಯಾಂಕಿನ ಲಾಕರಿನಲ್ಲಿ ಇಡಿಸಿದೆ. ಅರಿಶಿನದ ದಾರದಲ್ಲಿ ತಾಳಿಯೊಂದು ಉಳಿಯಿತು. ಕಾಲಿಗೆ ತೊಡರಬಾರದೆಂದು ಹಳೆಯ ಹತ್ತಿ ಸೀರೆ ಉಡಿಸಿದೆ. ಏನು ತಪ್ಪಾಗಬಹುದೋ ಎಲ್ಲವನ್ನೂ ಮುಂಚೆಯೇ ಯೋಚಿಸಿದ್ದೇನೆ ಎಂದುಕೊಂಡೆ.

ಬುಧವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಇಮಿಗ್ರೇಶನ್ ಕೌಂಟರಿನಲ್ಲಿ ಕೂತಿದ್ದ ಹುಡುಗ ಎರಡೂ ಪಾಸ್‌ಪೋರ್ಟುಗಳನ್ನು ತಿರುವಿದ. ಇವರು ನಿಮಗೆ ಏನಾಗಬೇಕು ಎಂದು ಕೇಳಿದ. ಅತ್ತೆ ಎಂದೆ. ಅವನು ಹೆಸರುಗಳನ್ನು ಮತ್ತೊಮ್ಮೆ ನೋಡಿದ, ಅತ್ತೆಯ ಬರಿಗೈಯನ್ನು ನೋಡಿದ, ನನ್ನ ಕೈಯಲ್ಲಿದ್ದ ದಪ್ಪ ಫೈಲನ್ನು ನೋಡಿದ. ಆಮೇಲೆ ನಮ್ಮಿಬ್ಬರನ್ನೂ ಪಕ್ಕದ ಮೇಜಿಗೆ ಕಳಿಸಿದ.

ಅಲ್ಲಿದ್ದ ಹಿರಿಯ ಅಧಿಕಾರಿಯ ಎದೆಯ ಮೇಲೆ ಗಿರಿಜಾದೇವಿ ಎಂಬ ಹೆಸರಿನ ಪಟ್ಟಿಯಿತ್ತು. ಕನ್ನಡದವರು ಎಂದು ನನಗೆ ಸಮಾಧಾನವಾಯಿತು. "ನೀವು ಮಾತಾಡ್ಬೇಡಿ," ಎಂದು ನನಗೆ ಹೇಳಿ, ಅತ್ತೆಯ ಕಡೆ ತಿರುಗಿದರು. "ಎಲ್ಲಿಗೆ ಹೋಗ್ತಿದ್ದೀರಮ್ಮ?"

"ಮಸ್ಕತ್ತು. ಮಗಳ ಬಾಣಂತನಕ್ಕೆ. ಒಂದ್ ತಿಂಗ್ಳು. ವಾಪಸ್ ಟಿಕೆಟ್ ಐತೆ."

"ನಾನು ಇನ್ನೂ ಅದನ್ನೆಲ್ಲ ಕೇಳಿಲ್ಲ. ಯಾರು ಹೇಳ್ಕೊಟ್ರು ಹೀಗೆ?"

"ಇವ್ಳೇ," ಎಂದು ಅತ್ತೆ ಹೆಮ್ಮೆಯಿಂದ ನನ್ನನ್ನು ತೋರಿಸಿದರು. "ದಿನಾ ಕೂರ್ಸ್ಕೊಂಡು ಹೇಳ್ಕೊಟ್ಟವ್ಳೆ. ತಪ್ಪಿದ್ರೆ ಬೈತಾಳೆ."

"ಒಡವೆ ಯಾಕೆ ಹಾಕ್ಕೊಂಡಿಲ್ಲ?"

"ಬಿಚ್ಚಿಡಿ ಅಂದ್ಳು. ಬಿಚ್ಚಿಟ್ಟೆ."

ನನ್ನ ಎಚ್ಚರಿಕೆಯೆಲ್ಲ ಈ ಮೇಜಿನ ಎದುರು ಬೇರೆಯದೇ ಕಥೆ ಹೇಳುತ್ತಿತ್ತು. ಗಟ್ಟಿಮುಟ್ಟಾದ, ಓದು ಬಾರದ ಹೆಂಗಸು, ತಾಳಿ ಬಿಟ್ಟರೆ ಮೈಮೇಲೆ ಚಿನ್ನವಿಲ್ಲ, ಬಾಯಿಪಾಠದ ಉತ್ತರ. ಜೊತೆಗೆ ಬೇರೆ ಹೆಸರಿನ ಇನ್ನೊಬ್ಬಳು, ಫೈಲು ಹಿಡಿದುಕೊಂಡು. ನಾನಾಗಿದ್ದರೂ ತಡೆಯುತ್ತಿದ್ದೆ.

ಮದುವೆ ಸರ್ಟಿಫಿಕೇಟನ್ನು ಮುಂದಿಟ್ಟೆ. ಅವರು ಓದಿ, ಹಾಗೆಯೇ ಮಡಚಿದರು. "ಕಾಗದ ಏಜೆಂಟ್‌ಗಳೂ ತರ್ತಾರೆ. ನಿಮಗಿಂತ ಚೆನ್ನಾಗಿ ಜೋಡಿಸ್ಕೊಂಡು ತರ್ತಾರೆ. ಅಮ್ಮ, ನಿಮ್ಮ ಗಂಡನ ಹೆಸರೇನು?"

ಅತ್ತೆ ತಾಳಿಯ ದಾರವನ್ನು ಸರಿಮಾಡಿಕೊಂಡರು.

"ಗಂಡನ ಹೆಸರು."

"ಆ ಪುಸ್ತಕ ನಿಮ್ ಕೈಲೇ ಐತಲ್ಲ. ಅದ್ರಾಗೆ ಬರ್ದವ್ರೆ, ಓದ್ಕೊಳ್ಳಿ."

"ನನಗೆ ಓದೋಕೆ ಬರುತ್ತೆ. ನಿಮಗೆ ಗೊತ್ತಿದೆಯಾ ಅಂತ ಕೇಳ್ತಿದ್ದೀನಿ."

"ನನ್ ಗಂಡನ ಹೆಸ್ರು ನಂಗೊತ್ತಿಲ್ವಾ?" ಅತ್ತೆಯ ಮುಖ ಕೆಂಪಾಯಿತು.

"ಹಾಗಿದ್ರೆ ಹೇಳಿ."

ಅತ್ತೆ ತುಟಿ ಬಿಗಿದುಕೊಂಡು ಗೋಡೆಯ ಕಡೆ ನೋಡಿದರು. ಮನೆಯಲ್ಲಿ ಅವರು ಹೀಗೆ ತುಟಿ ಬಿಗಿದರೆ ರವಿಕಿರಣ್ ಕೂಡ ಎದ್ದು ಹೊರಗೆ ಹೋಗುತ್ತಾನೆ.

ಗಿರಿಜಾದೇವಿ ನನ್ನ ಪಾಸ್‌ಪೋರ್ಟನ್ನು ಬೇರೆ ಮಾಡಿ ಇಟ್ಟರು. "ನಿಮ್ಮನ್ನ ತಡೆಯೋಕೆ ನನಗೆ ಕಾರಣ ಇಲ್ಲ. ನೀವು ಬೇಕಾದ್ರೆ ಹೋಗಿ. ಇವರು ಇನ್ನೊಂದು ದಿನ ಮಗನ ಜೊತೆ ಬರ್ಲಿ."

ನಾಳೆಯೇ ಆಪರೇಷನ್ನಿನ ಗುರುವಾರ. ಶೃತಿ ಕೇಳಿದ್ದು ನನ್ನನ್ನಲ್ಲ. ನಾನು ಸಾಮಾನ್ಯವಾಗಿ ಅಧಿಕಾರದಲ್ಲಿರುವವರ ಎದುರು 'ಸರಿ ಮೇಡಂ' ಎಂದು ಹೇಳಿ, ಹೊರಗೆ ಬಂದ ಮೇಲೆ ಹೇಳಬೇಕಾಗಿದ್ದ ಮಾತನ್ನು ಜೋಡಿಸಿಕೊಳ್ಳುವವಳು. ಆ ದಿನ ಕಾಲು ಅಲ್ಲಿಂದ ಕದಲಲಿಲ್ಲ.

"ಇಲ್ಲ ಮೇಡಂ. ಇವರಿಲ್ಲದೆ ನಾನು ಹೋಗಲ್ಲ. ನೀವು ಅನುಮಾನ ಪಡೋದು ಸರಿ. ಆದ್ರೆ ಅದನ್ನ ತೀರಿಸ್ಕೊಳ್ಳದೆ ವಾಪಸ್ ಕಳಿಸ್ಬೇಡಿ. ಇವರಿಗೆ ಹೆಸರು ಗೊತ್ತು. ಗಂಡನ ಹೆಸರು ಹೇಳಬಾರದು ಅಂತ ಹೇಳ್ತಿಲ್ಲ."

"ನಮ್ಮಜ್ಜಿನೂ ಹೇಳ್ತಿರ್ಲಿಲ್ಲ," ಅಂದರು ಗಿರಿಜಾದೇವಿ. "ಹಾಗಂತ ನಾನು ರಿಪೋರ್ಟ್‌ನಲ್ಲಿ ಬರೆಯೋಕಾಗುತ್ತಾ?"

"ಮಾವ ಮನೇಲೇ ಇದ್ದಾರೆ. ನೀವೇ ಫೋನ್ ಮಾಡಿ ಕೇಳಿ. ನಂಬರ್ ನಾನು ಕೊಡಲ್ಲ, ಇವರೇ ಕೊಡ್ಲಿ. ಮಾವನಿಗೆ ನಾನು ಏನನ್ನೂ ಹೇಳಿಕೊಟ್ಟಿಲ್ಲ."

ಅವರು ಮೇಜಿನ ಫೋನನ್ನು ಹತ್ತಿರ ಎಳೆದುಕೊಂಡರು. ಮನೆಯ ಲ್ಯಾಂಡ್‌ಲೈನ್ ನಂಬರನ್ನು ಅತ್ತೆ ಗೋಡೆ ನೋಡುತ್ತಲೇ ಒಂದೇ ಉಸಿರಿಗೆ ಹೇಳಿದರು. ಸ್ಪೀಕರಿನಲ್ಲಿ ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ವಾಕರ್ ಹಿಡಿದುಕೊಂಡು ಬರಬೇಕಲ್ಲ ಎಂದು ನಾನು ಮನಸ್ಸಿನಲ್ಲೇ ಅವರನ್ನು ಹಾಲಿನ ಈ ತುದಿಯಿಂದ ಆ ತುದಿಗೆ ನಡೆಸಿದೆ. ನಮ್ಮ ವಿಮಾನದ ಹೆಸರನ್ನು ಮೇಲೆ ಎಲ್ಲೋ ಕೂಗುತ್ತಿದ್ದರು.

"ಹಲೋ, ಯಾರು?"

"ಚಿಕ್ಕಬೈರಪ್ಪನವರಾ? ಏರ್‌ಪೋರ್ಟಿಂದ ಮಾತಾಡ್ತಿರೋದು. ನಿಮ್ಮ ಹೆಂಡ್ತಿ ಹೆಸರೇನು ಹೇಳಿ."

"ಯಾಕೆ, ಏನಾಯ್ತವ್ಳಿಗೆ?"

"ಏನೂ ಆಗಿಲ್ಲ. ಹೆಸರು ಹೇಳಿ."

"ನಮ್ ರವಿ ಅವ್ವ."

"ಹೆಸರು ಸಾರ್."

"ನಮ್ಮನೇವ್ರು ಮೇಡಂ. ಮನೇಲಿ ನಾವು ಹಂಗೇ ಅನ್ನೋದು."

ಗಿರಿಜಾದೇವಿ ಹಣೆಗೆ ಕೈ ಇಟ್ಟುಕೊಂಡರು. ಅಂಗಳದಲ್ಲಿ ನಿಂತು ಹೆಂಡತಿಗೆ ಹೇಳು ಹೇಳು ಎಂದಿದ್ದ ಮಾವನ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಬಾಯಿ ತೆರೆದರೆ ಹೇಳಿಕೊಟ್ಟಂತಾಗುತ್ತದೆ. ಎರಡೂ ಕೈಯಿಂದ ಫೈಲನ್ನು ಒತ್ತಿ ಹಿಡಿದು ನಿಂತೆ.

"ಸಾರ್, ನೀವು ಹೆಸರು ಹೇಳದಿದ್ರೆ ಇವರನ್ನ ವಾಪಸ್ ಕಳಿಸ್ತೀನಿ. ನಿಮ್ಮ ಮಗಳು ಕಾಯ್ತಿರ್ತಾರಲ್ವಾ?"

ಆ ಕಡೆ ಮಾವ ಕೆಮ್ಮಿದರು. "ಸೊಣ್ಣಮ್ಮ," ಅಂದರು ಮೆಲ್ಲಗೆ. ಫೋನಿನಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ, ಗದ್ದೆಯ ಆಚೆ ಬದಿಯಿಂದ ಕೂಗುವ ಹಾಗೆ, "ಸೊಣ್ಣಮ್ಮ. ಸೊಣ್ಣಮ್ಮ ಅಂತ ಮೇಡಂ. ಕಳಿಸ್ಕೊಡಿ ಅವ್ಳನ್ನ. ನಮ್ ಹುಡ್ಗಿ ಒಬ್ಳೇ ಅವ್ಳೆ ಅಲ್ಲಿ."

ಅತ್ತೆ ಗೋಡೆಯಿಂದ ಕಣ್ಣು ಕಿತ್ತು ಫೋನನ್ನು ನೋಡಿದರು. ಅಲ್ಲಿಯವರೆಗೆ ಬಿಗಿದುಕೊಂಡಿದ್ದ ತುಟಿ ಸಡಿಲವಾಯಿತು. ಸೆರಗನ್ನು ಎಳೆದು ಹೆಗಲ ಮೇಲೆ ಹೊದ್ದುಕೊಂಡರು, ಮನೆಗೆ ಹೊಸಬರು ಬಂದಾಗ ಮಾಡುವ ಹಾಗೆ.

"ಯಾರ ಜೊತೆ ಕಳಿಸಿದ್ದೀರಾ ಸಾರ್?"

"ಸೊಸೆ ಜೊತೆ. ಶ್ವೇತ ಅಂತ, ಪದ್ಮನಾಭನಗರದ ಶಿವರಾಮ್ ಮೇಷ್ಟ್ರ ಮಗಳು. ಬೈಬೇಡಿ ಮೇಡಂ ಅದುಕ್ಕೆ. ಹೆದ್ರುಪುಕ್ಲಿ, ಎಲ್ಲಾನೂ ಮೂರ್ ಮೂರ್ ಸಲ ನೋಡೋ ಹುಡ್ಗಿ."

ಗಿರಿಜಾದೇವಿ ಫೋನ್ ಇಟ್ಟರು. ನಗು ಬಂದಿತ್ತೋ ಏನೋ, ತೋರಿಸಲಿಲ್ಲ. ಕೌಂಟರಿನ ಹುಡುಗನನ್ನು ಕರೆದು ಎರಡೂ ಪಾಸ್‌ಪೋರ್ಟುಗಳಿಗೆ ಮುದ್ರೆ ಹಾಕಿಸಿದರು. ಅತ್ತೆಯದನ್ನು ಅತ್ತೆಯ ಕೈಗೇ ಕೊಟ್ಟರು. ನನ್ನದನ್ನು ಕೊಡುವಾಗ ಹೇಳಿದರು: "ವಾಪಸ್ ಬಂದ್ಮೇಲೆ ಈ ಹೆಸರು ಬದಲಾಯಿಸ್ಕೊಂಡುಬಿಡಿ. ಪ್ರತಿ ಸಲ ಇದೇ ರಗಳೆ ಯಾಕೆ?"

"ಗಂಡನ ಹೆಸರನ್ನ ಸೇರಿಸ್ತೀನಿ ಮೇಡಂ, ಪಾಸ್‌ಪೋರ್ಟ್‌ನಲ್ಲೇ ಅದಕ್ಕೆ ಬೇರೆ ಜಾಗ ಇದೆ. ಅಪ್ಪನ ಹೆಸರು ತೆಗೆಯಲ್ಲ. ಕೇಳಿದಾಗೆಲ್ಲ ನಿಂತು ಉತ್ತರ ಹೇಳ್ತೀನಿ."

ಇಷ್ಟು ವರ್ಷ ಮನೆಯಲ್ಲಿ ಹೇಳದೆ ಉಳಿಸಿಕೊಂಡಿದ್ದ ಮಾತು ಅದು. ಅತ್ತೆಯ ಎದುರಿಗೇ ಹೇಳಿದ್ದೇನೆಂದು ಆಮೇಲೆ ಹೊಳೆಯಿತು. ಅವರ ಮುಖ ನೋಡಿದೆ. ಅವರಿಗೆ ನನ್ನ ಹೆಸರಿನ ಚಿಂತೆ ಇದ್ದ ಹಾಗೆ ಕಾಣಲಿಲ್ಲ.

"ಎಲ್ಲಾರ್ ಎದುರ್ಗೂ ಹೆಸ್ರಿಡ್ದು ಕೂಗ್ಬಿಟ್ರಲ್ಲ ಮನುಷ್ಯ," ಅಂದರು ನಡೆಯುತ್ತಾ.

"ಬೇಜಾರಾಯ್ತಾ ಅತ್ತೆ?"

"ಬೇಜಾರ್ ಯಾಕಮ್ಮಿ? ಅದೂ ಎಲ್ಡು ಮೂರು ಸಲ." ಸ್ವಲ್ಪ ದೂರ ಹೋದ ಮೇಲೆ, "ನೀನು ಆ ಯಮ್ಮಂಗೆ ಚೆನ್ನಾಗ್ ಹೇಳ್ದೆ. ಹೋಗಲ್ಲ ಅಂದ್ಯಲ್ಲ, ಅದು," ಅಂದರು. ಹೆಸರಿನ ಮಾತನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ಬರುವ ಹಬ್ಬಕ್ಕೆ ಮತ್ತೆ ಕೇಳುತ್ತಾರೇನೋ. ಕೇಳಲಿ.

ಗೇಟಿನ ದಾರಿಯಲ್ಲಿ ನನ್ನ ಫೋನ್ ಬಡಿದುಕೊಂಡಿತು. ಶೃತಿ.

"ಅತ್ತಿಗೆ, ಏನಾಯ್ತು? ಅಪ್ಪ ಫೋನ್ ಮಾಡಿ ಏನೇನೋ ಹೇಳ್ತಿದ್ದಾರೆ. ಒಳಗೆ ಬಿಟ್ರಾ? ಅವ್ವ ಎಲ್ಲಿ?"

ತಲೆಯೆತ್ತಿ ನೋಡಿದೆ. ಅತ್ತೆ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡು, ಚಲಿಸುವ ಪಟ್ಟಿಯ ಮೇಲೆ ಕಾಲಿಡಲು ಒಪ್ಪದೆ, ಅದರ ಪಕ್ಕದ ಗಟ್ಟಿ ನೆಲದ ಮೇಲೆ ದಾಪುಗಾಲು ಹಾಕುತ್ತಾ ಜನರನ್ನು ಸರಿಸಿಕೊಂಡು ಹೋಗುತ್ತಿದ್ದರು.

"ಮುಂದೆ ಹೋಗ್ತಿದ್ದಾರೆ," ಅಂದೆ. "ನಾನೇ ಹಿಂದೆ ಬಿದ್ದಿದ್ದೀನಿ."