ಬೇಲಿಯಾಚೆ ಎಸೆದ ಬಳ್ಳಿ

ತಂಗಿಯ ಕೈಗುಣದ ಮಾತು ಬಂದರೆ ಸಾಕು, ಅಕ್ಕನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ಅಕ್ಕ ಹದಿನಾರು ವರ್ಷದಿಂದ ಅಭಯಾರಣ್ಯದಲ್ಲಿ ಅರಣ್ಯ ರಕ್ಷಕಿ. ಅಲ್ಲಿನ ಗಿಡಗಂಟಿಗಳ ಹೆಸರೆಲ್ಲ ಅವಳಿಗೆ ಬಾಯಿಪಾಠ. ಆದರೂ ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದದ್ದು ಚಿಕ್ಕವಳ ಅಂಗಳವನ್ನೇ.

"ಇವಳು ಒಣಕಡ್ಡಿ ನೆಟ್ರೂ ಚಿಗುರುತ್ತೆ. ದೊಡ್ಡವಳು ಕಾಡು ಕಾಯ್ತಾಳೆ, ಮನೇಲಿ ಒಂದು ಕುಂಡ ಉಳಿಸ್ಕೊಳ್ಳಲ್ಲ!"

ಆ ವರ್ಷ ತಂಗಿ ನರ್ಸರಿಯಿಂದ ಹೊರದೇಶದ ಬಳ್ಳಿಯೊಂದನ್ನು ತಂದು ಗೇಟಿಗೆ ಹಬ್ಬಿಸಿದಳು. ಅದರ ನೇರಳೆ ಗೊಂಚಲು ನೋಡಲು ಬೀದಿಯವರೆಲ್ಲ ನಿಲ್ಲುವವರೇ.

"ಅಕ್ಕಾ, ತಗೋ. ಸುಮ್ನೆ ನೆಡು ಸಾಕು, ನಿನ್ನ ಕೈಲೂ ಬರುತ್ತೆ," ಎಂದು ಒಂದು ತುಂಡನ್ನು ಬೇರುಸಹಿತ ಕಾಗದದಲ್ಲಿ ಸುತ್ತಿ ಕೊಟ್ಟಳು.

'ನಿನ್ನ ಕೈಲೂ' ಎಂಬುದು ಮುಳ್ಳಿನಂತೆ ಚುಚ್ಚಿತು. ಕಾಡಂಚಿನ ತನ್ನ ವಸತಿಗೃಹಕ್ಕೆ ಬಂದವಳೇ ಅಕ್ಕ ಅದನ್ನು ಹಿತ್ತಲ ಬೇಲಿಯಾಚೆ, ಕಾಡಿನ ತೊರೆಯತ್ತ ಬೀಸಿ ಎಸೆದಳು. ಹೊರಗಿನ ಗಿಡ ಒಳಗೆ ತರಬೇಡಿ ಎಂದು ಪ್ರವಾಸಿಗರಿಗೆ ದಿನಾ ಪಾಠ ಹೇಳುತ್ತಿದ್ದವಳೂ ಅವಳೇ.

ಎರಡು ಮಳೆಗಾಲ ಕಳೆದ ಮೇಲೆ ಗಸ್ತಿಗೆ ಹೋದಾಗ ನೋಡುತ್ತಾಳೆ, ತೊರೆಯ ದಂಡೆಯೆಲ್ಲ ನೇರಳೆ. ಎಳೆಮರಗಳು ಬಳ್ಳಿಯ ಭಾರಕ್ಕೆ ಬಾಗಿ ಒಣಗುತ್ತಿದ್ದವು. ಅವಳಿಗೆ ಮೊದಲು ಆದದ್ದು ಭಯವಲ್ಲ, ಉರಿ. ಎಸೆದರೂ ಬದುಕಿತಲ್ಲ, ಅವಳದ್ದು!

"ಎಲ್ಲಿಂದ ಬಂತಮ್ಮ ಇದು?" ವಲಯ ಅಧಿಕಾರಿ ಕೇಳಿದರು.

"ನಮ್ಮ ತಂಗಿ ಮನೆ ಗೇಟಲ್ಲಿದೆ ಸರ್." ತಾನು ಎಸೆದದ್ದರ ಮಾತು ಎತ್ತಲಿಲ್ಲ.

ಅಧಿಕಾರಿ ಹೋಗಿ ಹೇಳಿದ್ದೇ ತಡ, ತಂಗಿ ತನ್ನ ಬಳ್ಳಿಯನ್ನು ಬುಡಸಮೇತ ಕಿತ್ತಳು. ಅಷ್ಟಕ್ಕೇ ಬಿಡದೆ ಗುದ್ದಲಿ ಹಿಡಿದು ತೊರೆಗೂ ಬಂದಳು. "ನನ್ನಿಂದ ಆಗಿದ್ದು, ನಾನೇ ಕೀಳ್ತೀನಿ." ಹತ್ತು ದಿನ ಮೊಣಕಾಲುದ್ದ ನೀರಲ್ಲಿ ನಿಂತು ಕಿತ್ತಳು. ಅಧಿಕಾರಿ ಸಿಬ್ಬಂದಿಯನ್ನೆಲ್ಲ ತೊರೆಗೆ ಕರೆಸಿ ಅವಳನ್ನು ಬಾಯಿ ತುಂಬ ಹೊಗಳಿದರು.

ಮಾಡದ ತಪ್ಪಿಗೂ ಇವಳಿಗೆ ಶಹಬ್ಬಾಸ್‌ಗಿರಿ! ಅಕ್ಕನಿಗೆ ತಡೆಯಲಾಗಲಿಲ್ಲ. "ಅವಳು ಮಾಡಿದ್ದೇನೂ ಇಲ್ಲ ಸರ್! ಎಸೆದಿದ್ದು ನಾನು!"

ತಂಗಿ ಗುದ್ದಲಿಯನ್ನು ಅಕ್ಕನ ಕಾಲ ಬಳಿ ಇಟ್ಟಳು. "ಬೇಡ ಅಂದಿದ್ರೆ ಆಗ್ತಿತ್ತಲ್ಲ," ಎಂದಷ್ಟೇ ಹೇಳಿ ಹೊರಟುಹೋದಳು.

ಅಧಿಕಾರಿ ಅಕ್ಕನಿಗೆ ಗಸ್ತು ಬಿಡಿಸಿ, ಬಳ್ಳಿ ಕೀಳುವುದಕ್ಕೇ ಹಾಕಿದರು. ಒಂದು ಬೇರು ತುಂಡಾದರೆ ನಾಲ್ಕು ಕಡೆ ಚಿಗುರುತ್ತಿತ್ತು. ಮೂರನೆಯ ತಿಂಗಳು ಒಂದು ಮಧ್ಯಾಹ್ನ ದಂಡೆಯ ಮೇಲೆ ಕುಸಿದು ಕೂತು, ಬಹಳ ಹೊತ್ತು ಯೋಚಿಸಿ, ತಂಗಿಗೆ ಫೋನ್ ಮಾಡಿದಳು.

"ಸೊಂಟ ಬಿದ್ದೋಯ್ತು ಕಣೇ. ಬರ್ತೀಯಾ?"

"ಕೈಗವಸು ಇದೆಯಾ?"

"ಒಂದೇ ಜೊತೆ ಇದೆ."

"ಹಾಗಾದ್ರೆ ಅದು ನನಗೆ," ಎಂದಳು ತಂಗಿ.