ಹಸಿರು ಮುಚ್ಚಳದ ಡಬ್ಬಿ

"ಬಿಚ್ಚು, ಮತ್ತೊಮ್ಮೆ ಕೂಡಿಸೋಣು," ಎನ್ನುತ್ತ ಅಮರಪ್ಪ ಕುರ್ಚಿಯ ಬೆನ್ನಿನ ಕಮಾನನ್ನು ಎರಡೂ ಕೈಯಿಂದ ಮೇಲೆತ್ತಿದ. ಅಂಟು ಹಚ್ಚದೆ ಆಗಲೇ ಎರಡು ಸಲ ಕೂಡಿಸಿ ಬಿಚ್ಚಿಯಾಗಿತ್ತು.

"ಒಂದ ದಿನದ ಕುರ್ಚಿಗೆ ಎಷ್ಟ ತಾಲೀಮು ಕಾಕಾ?" ಅಂದ ಯಮನೂರ. ಮೀಸೆ ನರೆತರೂ ಬಾಯಿ ಸುಮ್ಮನಿರದ ಬಡಗಿ ಅವನು.

"ನೀ ಮೊಬೈಲ್ ನೋಡಿ ನಿಮಿಷ ಹೇಳು. ಅಷ್ಟ ನಿನ್ನ ಕೆಲಸ."

ಬಾಗಲಗುಂಟೆಯ ಆ ಮನೆಯ ಹಿಂದೆ ತಗಡಿನ ಶೆಡ್ಡು. ಮುಂದಿನ ಕೋಣೆಯಲ್ಲಿ ಯಜಮಾನ ಚನ್ನವೀರಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆತುಂಬ ವಿಭೂತಿ. ಹಿಂದಿನ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವನು ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಅವರಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ವಿಮಾನದಲ್ಲಿ ಕೂಡಿಸಿ ಹೊತ್ತೊಯ್ದು, ಕೂತಂತೆಯೇ ಮಣ್ಣು ಮಾಡುತ್ತಾರೆ. ನಾಲ್ಕು ಬಿದಿರು ಕಟ್ಟಿ ಬಾಳೆಕಂದು ಸಿಕ್ಕಿಸಿದರೆ ವಿಮಾನವಾಗುತ್ತದೆ. ಹೆಂಡತಿ ಶರಣಮ್ಮ ಅದಕ್ಕೆ ಒಪ್ಪಲಿಲ್ಲ.

"ನಲವತ್ತ ವರ್ಷ ಕಟಗಿ ಆಡಿಸಿದ ಕೈ ಅವರದು. ಬಿದಿರಿನಾಗ ಒಯ್ಯಬ್ಯಾಡ, ತಮ್ಮಾ. ಮೊಳೀನೂ ಹೊಡೀಬ್ಯಾಡ. ಮೊಳಿ ಕಂಡ್ರ ಅವರಿಗೆ ಆಗ್ತಿರಲಿಲ್ಲ."

ಗಂಡನ ಸಂಗಡ ಮೊದಲ ದಿನದಿಂದ ಇದ್ದವನೆಂದು ಕುರ್ಚಿ ಮಾಡಲು ಅವಳು ಹೇಳಿದ್ದು ಅಮರಪ್ಪನಿಗೇ. ಆದರೆ ಅಮರಪ್ಪ ಅಂಟು ಮುಟ್ಟಿ ಹನ್ನೊಂದು ವರ್ಷವಾಗಿತ್ತು.

"ಹದಿನೆಂಟು ನಿಮಿಷ," ಅಂದ ಯಮನೂರ.

ಹದಿನಾರು ಜಾಯಿಂಟು. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗುವ ಕೆಲಸವಲ್ಲ ಅದು. ಕಮಾನು ಕಾಲಿಗೆ, ಕಾಲು ತೋಳಿಗೆ, ತೋಳು ಮತ್ತೆ ಕಮಾನಿಗೆ, ಎಲ್ಲವೂ ಒಟ್ಟಿಗೇ ಮುಚ್ಚಿಕೊಳ್ಳಬೇಕು. ಕೊನೆಯದು ಕೂಡುವವರೆಗೆ ಮೊದಲನೆಯದು ಹಸಿಯಾಗಿರಬೇಕು. ಕೆಂಪು ಮುಚ್ಚಳದ ಗಮ್ ಹತ್ತು ನಿಮಿಷಕ್ಕೆ ಕಚ್ಚಿಕೊಳ್ಳುತ್ತದೆ. ಹಸಿರು ಮುಚ್ಚಳದ್ದು ಅರ್ಧ ತಾಸು ತಡೆಯುತ್ತದೆ. ಓದು ಬಾರದ ಅಮರಪ್ಪನಿಗೆ ಮುಚ್ಚಳದ ಬಣ್ಣವೇ ಅಕ್ಷರ.

"ಹಸಿರದ್ದು ಕೊಡು," ಅಂದ. ಬೆರಳು ಸಣ್ಣಗೆ ನಡುಗುತ್ತಿದ್ದವು.

*

ಹನ್ನೊಂದು ವರ್ಷದ ಹಿಂದೆ ಜಾಲಹಳ್ಳಿಯ ಒಂದು ಕಾಲನಿಯವರು ತಮ್ಮ ಗುಡಿಗೆ ಎಂಟು ಮೂಲೆಯ ತೇಗದ ಮಂಟಪ ಮಾಡಿಸಿದ್ದರು. ಶಿವರಾತ್ರಿಗೆ ನಿಲ್ಲಿಸಬೇಕು. ಕಂಬಗಳನ್ನು ಸುತ್ತ ಹಿಡಿಯುವ ಮೇಲಿನ ಬಳೆಯೊಂದರಲ್ಲೇ ಇಪ್ಪತ್ತನಾಲ್ಕು ಜಾಯಿಂಟು. ಒಣದಾಗಿ ಕೂಡಿಸಿ ನೋಡಿದರೆ ಇಪ್ಪತ್ತೆರಡು ನಿಮಿಷ.

"ಅಣ್ಣಾ, ಹಸಿರು ಮುಚ್ಚಳದ್ದ ತರ್ರಿ. ಕೆಂಪಿನದಾದ್ರ ನಾ ಮುಟ್ಟಂಗಿಲ್ಲ," ಎಂದು ಅಮರಪ್ಪ ಮೊದಲೇ ಹೇಳಿದ್ದ. ಚನ್ನವೀರಪ್ಪ ಹಸಿರು ಮುಚ್ಚಳದ್ದನ್ನೇ ತಂದಿಟ್ಟ.

ಅರ್ಧ ಬಳೆ ಕೂಡುವಷ್ಟರಲ್ಲಿ ಗಮ್ ಕಚ್ಚಿಕೊಂಡಿತು. ಸಂದುಗಳು ಬಾಯಿ ತೆರೆದೇ ನಿಂತವು.

"ಅಣ್ಣಾ, ಗಮ್ ಬೇಗ ಹಿಡಿಯಾಕತ್ತೇತಿ!"

ಕಾಲನಿಯ ಹಿರಿಯರು ನೋಡಲು ಬಂದು ನಿಂತಿದ್ದರು. ಚನ್ನವೀರಪ್ಪ ಅವರ ಕಡೆ ನೋಡಿದ, ಆಮೇಲೆ ಇವನ ಕಡೆ.

"ಗಮ್ ಬೇಗ ಹಿಡಿಯಾಕತ್ತಿಲ್ಲ, ಅಮರಪ್ಪಾ. ನಿನ್ನ ಕೈ ನಿಧಾನ ಆಗ್ಯಾವ."

ಕೊಡತಿಯಿಂದ ಬಡಿದು ಕೂಡಿಸಲು ಹೋದರೆ ತೇಗ ಉದ್ದಕ್ಕೆ ಸೀಳಿತು.

ಮರುದಿನ ಚನ್ನವೀರಪ್ಪ ಮರ ಉಜ್ಜುವ ಪಾಲಿಶ್ ಕಾಗದ ತಂದು ಅವನ ಕೈಗಿಟ್ಟ. "ಇನ್ನ ನೀ ಇದನ್ನ ನೋಡ್ಕೋ ತಮ್ಮಾ. ನಿನ್ನ ನಾ ಬಿಡಂಗಿಲ್ಲ." ಆ ಮಾತಿಗೆ ಅಮರಪ್ಪನ ಕಣ್ಣು ತುಂಬಿತ್ತು. "ಬ್ಯಾರೇವ್ರಾಗಿದ್ರ ಹೊರಗ ಹಾಕ್ತಿದ್ರು," ಎಂದು ಮನೆಯಲ್ಲಿ ಹೆಂಡತಿ ಬಸಕ್ಕನ ಮುಂದೆ ಕೊಂಡಾಡಿದ್ದ.

ಅಂದಿನಿಂದ ತನ್ನ ಕೈಗಳನ್ನೇ ಕಾಯತೊಡಗಿದ. ಅಂಗಿಯ ಗುಂಡಿ ಹಾಕಲು ಎಷ್ಟು ಹೊತ್ತಾಯಿತು, ಲೋಟ ಎತ್ತುವಾಗ ನಡುಗಿತೇ. ಮೊಮ್ಮಗಳು ಶಿವಾನಿ ಹುಟ್ಟಿದಾಗ ಮಗಳು ತೊಟ್ಟಿಲು ಮಾಡಿಕೊಡು ಎಂದು ಕೇಳಿದಳು. ಅಮರಪ್ಪ ಅಂಗಡಿಗೆ ಹೋಗಿ ಕಬ್ಬಿಣದ ತೊಟ್ಟಿಲು ತಂದುಕೊಟ್ಟ.

*

ಹದಿನಾರು ಕಡೆಯೂ ಗಮ್ ಹಚ್ಚಿ ಆಗಿತ್ತು. ಕಾಲುಗಳು ಕೂತವು, ಒಂದು ತೋಳು ಕೂತಿತು. ಆಗ ಹಾರ್ಡ್‌ವೇರ್ ಅಂಗಡಿಯ ನಲ್ಲಪ್ಪ ಮುಖದರ್ಶನ ಮುಗಿಸಿ ಶೆಡ್ಡಿಗೆ ಬಂದ. ಮರದ ದಿಮ್ಮಿಯ ಮೇಲೆ ಕೂತು ಟವಲ್ಲಿನಿಂದ ಮುಖ ಒರೆಸಿಕೊಂಡ.

"ಎಂಥಾ ಮನುಷ್ಯ ಕಣ್ರೀ! ಬುದ್ಧಿ ಅಂದ್ರೆ ಅವ್ರದ್ದು." ಡಬ್ಬಿಯ ಮೇಲೆ ಅವನ ಕಣ್ಣು ಬಿತ್ತು. "ಇದೇ ಗಮ್ಮು ನೋಡಿ! ಜಾಲಹಳ್ಳಿ ಮಂಟಪ ಮಾಡೋವಾಗ ನಮ್ಮಂಗ್ಡೀಲಿ ಹಸಿರು ಮುಚ್ಚಳದ್ದು ಖಾಲಿಯಾಗೋಗಿತ್ತು. ನಾಳೆ ಬರುತ್ತೆ ಅಂದೆ. ನಾಳೆಗಂಟ ಯಾರು ಕಾಯ್ತಾರೆ ಅಂದ್ರು. ಒಂದು ಹಳೇ ಹಸಿರು ಡಬ್ಬಿ ಇಸ್ಕೊಂಡು, ಕೆಂಪಿನದ್ದು ಅದಕ್ಕೆ ಸುರ್ಕೊಂಬಿಟ್ರು!"

ಯಮನೂರ ತಲೆ ಎತ್ತಿದ. "ಯಾಕಂತ?"

"ಅವ್ರತ್ರ ಯಾರೋ ಮೇಸ್ತ್ರಿ ಇದ್ನಂತೆ. ಓದಕ್ಕೆ ಬರಲ್ವಂತೆ, ಮುಚ್ಚಳ ನೋಡೇ ಕೆಲಸ ಅಂತೆ. 'ಕೆಂಪು ಕಂಡ್ರೆ ಮುಟ್ಟಲ್ಲ ನಲ್ಲಪ್ಪ, ಆದ್ರೆ ಅವನ ಕೈ ಗಾಳಿ ಇದ್ದಂಗೆ, ಹತ್ತು ನಿಮಿಷ ಸಾಕು' ಅಂದ್ಬಿಟ್ಟು ನಕ್ಕೊಂಡು ಹೋದ್ರು."

ಹೇಳಿ ನಲ್ಲಪ್ಪನೂ ನಕ್ಕ. ಅವನು ಇಬ್ಬರ ಮುಖವನ್ನೂ ನೋಡಿ, ಟವಲ್ಲು ಹೆಗಲಿಗೆ ಹಾಕಿಕೊಂಡು ಎದ್ದುಹೋದ.

ಅಮರಪ್ಪನ ಕೈಯಲ್ಲಿ ಕಮಾನು ಹಾಗೆಯೇ ಇತ್ತು. ಅದರ ತುದಿಯಿಂದ ಗಮ್ ಒಂದು ಹನಿ ಕೆಳಗೆ ಬಿತ್ತು, ಇನ್ನೊಂದು ಬಿತ್ತು. ಬಿಟ್ಟುಬಿಟ್ಟರೆ ಸಾಕು. ಅರ್ಧ ತಾಸು ಸುಮ್ಮನೆ ನಿಂತರೆ ಸಾಕು, ಈ ಕುರ್ಚಿಯೂ ಬಾಯಿ ತೆರೆದುಕೊಂಡೇ ಒಣಗುತ್ತದೆ.

"ಕಾಕಾ," ಯಮನೂರನ ದನಿ ಮೆತ್ತಗಾಗಿತ್ತು. "ಹನ್ನೊಂದು ನಿಮಿಷ ಆತು."

ಅಮರಪ್ಪ ಉಸಿರು ಬಿಟ್ಟ. ಕಮಾನನ್ನು ಇಳಿಸಿ, ಅಂಗೈಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟಿದ. ಮರ ಒಳಗೆ ಜಾರಿತು. ಇನ್ನೊಂದು ತೋಳು, ಕೆಳಗಿನ ಅಡ್ಡಪಟ್ಟಿ, ಬಿಗಿದು ಹಿಡಿಯುವ ಕ್ಲಾಂಪು. ಕೈ ನಡುಗಲಿಲ್ಲ. ಹದಿನಾರು ಸಂದಿನಿಂದಲೂ ಗಮ್ ಬಿಳಿ ದಾರದಂತೆ ಸಮನಾಗಿ ಹೊರಬಂತು.

"ಹದಿನೆಂಟು," ಅಂದ ಯಮನೂರ. "ನಡುವ ನಿಂತಿದ್ದೂ ಸೇರಿ."

*

ಮಧ್ಯಾಹ್ನ ಶರಣಮ್ಮ ಶೆಡ್ಡಿಗೆ ಬಂದಳು. ಕುರ್ಚಿಯ ತೋಳಿನ ಮೇಲೆ ಕೈಯಾಡಿಸಿದಳು.

"ನೀ ದೊಡ್ಡ ಮನಸ್ಸಿನಾವ, ತಮ್ಮಾ. ಆ ಡಬ್ಬಿ ವಿಷಯ ಅವರು ನಿನಗ ಹೇಳಿದಾಗ ಒಂದ ಮಾತ ಅನಲಿಲ್ಲಂತ. 'ಹೋಗ್ಲಿ ಬಿಡ್ರಿ ಅಣ್ಣಾ' ಅಂದೆಂತ. ಅವತ್ತಿಂದ ನಾ ನಿನಗ ಮನಸ್ಸಿನಾಗ ಕೈ ಮುಗೀತೀನಿ."

ಅಮರಪ್ಪ ಒದ್ದೆ ಅರಿವೆಯಿಂದ ಉಳಿ ಒರೆಸುತ್ತಿದ್ದ. "ಯಾವಾಗ ಹೇಳಿದ್ರಂತ?"

"ಆ ಮಂಟಪದ ವರ್ಷದ ಯುಗಾದಿಗೆ. ನೀ ಊಟಕ್ಕ ಬಂದಿದ್ದೆಲ್ಲ."

ಆ ಯುಗಾದಿ ಅವನಿಗೆ ನೆನಪಿತ್ತು. ಚನ್ನವೀರಪ್ಪ ತಾನೇ ಎದ್ದು ಬಂದು ಹೋಳಿಗೆಯ ಮೇಲೆ ತುಪ್ಪ ಸುರಿದಿದ್ದ. "ತಿನ್ನು ತಮ್ಮಾ, ತಿನ್ನು," ಅಂದಿದ್ದ. ಅಷ್ಟೇ ಅಂದಿದ್ದ.

"ನನಗ ಇವತ್ತ ಗೊತ್ತಾತು ಅಕ್ಕಾ. ನಲ್ಲಪ್ಪ ಹೇಳಿದ."

ಶರಣಮ್ಮನ ಕೈ ತೋಳಿನ ಮೇಲೆಯೇ ನಿಂತಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗಿನಿಂದ ಯಾರೋ ಕೂಗಿದರು: "ಮಠದ ಅಯ್ಯಾರು ಬಂದ್ರು, ವಿಮಾನ ತರ್ರಿ!"

ಕ್ಲಾಂಪು ಬಿಚ್ಚಿ, ಬದಿಗೆ ಹೊರುವ ಗಳ ಕಟ್ಟಿ, ಚನ್ನವೀರಪ್ಪನನ್ನು ಕುರ್ಚಿಯಲ್ಲಿ ಕೂಡಿಸಿದರು. ಕುರ್ಚಿ ಕಿರ್ ಎನ್ನಲಿಲ್ಲ.

"ಕಾಕಾ, ಮೊದಲ ಹೆಗಲು ನಿಮ್ದಂತ," ಯಮನೂರ ಕರೆದ.

"ನನ್ನ ಕೆಲಸ ಮುಗದೈತಿ. ಹೆಗಲು ಬ್ಯಾರೇವ್ರು ಕೊಡ್ರಿ."

ಅಮರಪ್ಪ ಎಲ್ಲರ ಹಿಂದೆ ನಡೆದ. ಭಜನೆಯ ತಾಳ, ಫ್ಯಾಕ್ಟರಿ ಬಸ್ಸುಗಳ ಹಾರ್ನು. ಎಲ್ಲರ ತಲೆಗಿಂತ ಮೇಲೆ ಚನ್ನವೀರಪ್ಪ ಹಾರ ಹಾಕಿಕೊಂಡು ನೆಟ್ಟಗೆ ಕೂತು ಹೋಗುತ್ತಿದ್ದ.

ರುದ್ರಭೂಮಿಯಲ್ಲಿ ಮಣ್ಣು ಮುಚ್ಚಿದ ಮೇಲೆ ಉಳಿದದ್ದು ಖಾಲಿ ಕುರ್ಚಿ. ಅದನ್ನು ಮನೆಗೆ ಮರಳಿ ತರುವಂತಿಲ್ಲ, ಅಲ್ಲಿಯೇ ಮುರಿದು ಹಾಕಬೇಕು. ಯಮನೂರ ಒಂದು ಕಾಲು ಹಿಡಿದ, ಇನ್ನಿಬ್ಬರು ಕಮಾನು ಹಿಡಿದರು. ಜಗ್ಗಿದರು. ಅಲ್ಲಾಡಲಿಲ್ಲ. ಕಾಲೊತ್ತಿ ಜಗ್ಗಿದರು.

"ಏನ್ ಗುರು ಇದು, ಒಂದೇ ಮರದಲ್ಲಿ ಕೆತ್ತಿದಂಗಿದೆ!" ಎಂದು ಗುಂಡಿ ತೋಡಿದವನು ತನ್ನ ಕೊಡಲಿ ತಂದುಕೊಟ್ಟ.

ನಾಲ್ಕನೆಯ ಏಟಿಗೆ ತೋಳು ಮುರಿಯಿತು, ನಟ್ಟನಡುವೆ, ನಾರು ಬಿಚ್ಚಿಕೊಂಡು. ಗಮ್ ಹಚ್ಚಿ ಕೂಡಿಸಿದ ಮೂಲೆ ಹಾಗೆಯೇ ಉಳಿಯಿತು. ಯಮನೂರ ಆ ಮೂಲೆಯ ತುಂಡನ್ನು ಎತ್ತಿ ತಂದು ಅಮರಪ್ಪನ ಕೈಯಲ್ಲಿಟ್ಟ.

ಅಮರಪ್ಪ ಹೆಬ್ಬೆರಳ ಉಗುರನ್ನು ಸಂದಿನ ಮೇಲೆ ಎಳೆದ. ಉಗುರು ಎಲ್ಲೂ ತಡೆಯಲಿಲ್ಲ. ತುಂಡನ್ನು ತಿರುಗಿಸಿ ಇನ್ನೊಂದು ಮಗ್ಗುಲಲ್ಲಿ ಎಳೆದ. ಜನ ಕೈಕಾಲು ತೊಳೆದುಕೊಂಡು ಒಬ್ಬೊಬ್ಬರೇ ಗೇಟಿನ ಕಡೆ ಹೊರಟರು. ಅವನು ಅಲ್ಲೇ ನಿಂತು ಮತ್ತೆ ಮೊದಲಿನಿಂದ ಉಗುರು ಎಳೆಯುತ್ತಿದ್ದ.