ಆರು ತುತ್ತೂರಿಗೆ ಇಳಿಸಿದ ಹಾಡು

"ಇದು ಊದೋದಲ್ಲೋ ಮಲಕಪ್ಪ, ಜೀವಾ ತಗಿಯೋದು! ಉಸರ ತಗೊಳ್ಳಾಕ ಜಾಗಾನ ಇಟ್ಟಿಲ್ಲಲ್ಲೋ!" ಶಫೀಸಾಬ ಟ್ರಂಬೋನನ್ನು ತೊಡೆಯ ಮೇಲಿಟ್ಟು ಏದುಸಿರು ಬಿಟ್ಟ.

ವಾಸ್ಕೋದ ಮದುವೆ ಬ್ಯಾಂಡಿಗೆ ಅವನೇ ಯಜಮಾನ. ಮಲಕಪ್ಪ ಅದರಲ್ಲಿ ಕಾರ್ನೆಟ್ ಊದುವವ. ಉಳಿದ ದಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಶಫೀಸಾಬನ ಮಾತು ಸುಳ್ಳಲ್ಲ. ನಲವತ್ತು ವಯೊಲಿನ್ನಿಗೆಂದು ಬರೆದ ಸಂಗೀತವದು. ವಯೊಲಿನ್ನಿಗೇನು, ಮೂಗೇ, ಬಾಯೇ?

ಬರೆದವರು ಇನಾಸ ಮಾಸ್ತರರು. ಬಾಯ್ನಾ ಕೇರಿಯ ಹಮಾಲನ ಮಗನಾದ ಮಲಕಪ್ಪನನ್ನು ಚಿಕ್ಕಂದಿನಲ್ಲಿ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಸ್ವರ ಕಲಿಸಿದ ಪುಣ್ಯಾತ್ಮರು. ಒಂದು ಸ್ವರ ತಪ್ಪಲಿ, "ಗಾಡವಾ! ಕತ್ತೇ! ಕಿವಿ ಮನಿಯಾಗ ಬಿಟ್ಟ ಬಂದೀಯೇನೋ?" ಎಂದು ಕೈ ಚಾಚಿಸಿ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದರು. ಗೋವಾದಲ್ಲಿ ನಲವತ್ತು ವಯೊಲಿನ್ ಎಲ್ಲಿಂದ ಬರಬೇಕು? ತಮ್ಮ ಹಾಡನ್ನು ಒಮ್ಮೆಯೂ ಕೇಳದೆ ಎಂಬತ್ತೊಂಬತ್ತರ ಏಪ್ರಿಲ್ಲಿನಲ್ಲಿ ಕಣ್ಣು ಮುಚ್ಚಿದರು. ತೀರಿಕೊಂಡು ತಿಂಗಳಾದಾಗ ಇಗರ್ಜಿಯಲ್ಲಿ ನಡೆಯುವ ಪೂಜೆಯ ದಿನವಾದರೂ ಅದನ್ನು ತಪ್ಪಿಲ್ಲದೆ ಊದಿಸಬೇಕು, ಮಲಕಪ್ಪನದು ಅದೊಂದೇ ಹಟ.

ಬ್ಯಾಂಡಿನ ಆರು ಜನ ಊದುವವರಿಗಾಗಿ ಅದನ್ನು ತಿರುಗಿ ಬರೆಯುತ್ತ, ಉದ್ದದ ಸಾಲುಗಳನ್ನು ಇಬ್ಬಿಬ್ಬರಿಗೆ ಹಂಚಿದ; ಒಬ್ಬ ಉಸಿರೆಳೆಯುವಾಗ ಇನ್ನೊಬ್ಬ ಹಿಡಿಯಬೇಕು. ಕಾರ್ನೆಟ್ಟಿನದು ಬೇರೆಯದೇ ಕಾಟ. ವಯೊಲಿನ್ನಿನ ಸ್ವರವನ್ನು ಇದ್ದ ಹಾಗೇ ಬರೆದರೆ ಊದುವಾಗ ಒಂದು ಮೆಟ್ಟಿಲು ಕೆಳಗೆ ಬೀಳುತ್ತದೆ. ಹೀಗಾಗಿ ಪ್ರತಿಯೊಂದನ್ನೂ ಮೇಲೇರಿಸಿ ಬರೆಯಬೇಕು.

"ಅನ್ನ ಆರಿ ಅಂಟಾಗೇತಿ, ಏಳ್ರಿ" ಎಂದು ಹೆಂಡತಿ ಯಲ್ಲವ್ವ ಗೊಣಗಿದಳು.

"ನಿಂದ್ರ, ಇದೊಂದ ಹಾಳಿ."

ಲಗ್ನದ ಸುಗ್ಗಿ ಬೇರೆ. ಆರೂ ಜನ ಒಟ್ಟಿಗೆ ಸೇರಿದ್ದು ಪೂಜೆಯ ದಿನವೇ, ಇಗರ್ಜಿಯ ಅಂಗಳದಲ್ಲಿ.

ಹಾಡು ಎದ್ದಿತು. ಎಂಥ ಹಾಡು! ಬಾರಾತಿನ ತುತ್ತೂರಿಗಳು ಇಷ್ಟು ಮೆತ್ತಗೆ ಮಾತಾಡಬಲ್ಲವೆಂದು ಯಾರಿಗೆ ಗೊತ್ತಿತ್ತು? ಅಷ್ಟರಲ್ಲಿ ಮೂರನೆಯ ಹಾಳೆಯ ಮೊದಲ ಸ್ವರ ಕೆಳಗೆ ಬಿತ್ತು. ಬರೆಯುತ್ತ ಹಾಳೆ ತಿರುವುವಾಗ ಅದೊಂದನ್ನು ಮೇಲೇರಿಸಲು ಮರೆತಿದ್ದ. ಗೆಣ್ಣಿಗೆ ಪೆಟ್ಟು ಬೀಳುವುದೆಂಬಂತೆ ಮಲಕಪ್ಪನ ಬೆರಳುಗಳು ತಾವಾಗಿಯೇ ಮುದುಡಿಕೊಂಡವು. ಹಾಡು ನಿಲ್ಲಲಿಲ್ಲ.

ಮುಗಿದಾಗ ಮಾಸ್ತರರ ತಂಗಿ ರೊಜಿನ್‌ಬಾಯಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಭಾಳ ಚಲೋ ಆತಲೇ!" ಎಂದು ಶಫೀಸಾಬ ಬೆನ್ನು ಚಪ್ಪರಿಸಿದ.

"ಮೂರನೇ ಹಾಳಿ ಶುರುವಿಗೆ ಒಂದ ಸುರ ತಪ್ಪಿತಲ್ರಿ ಚಾಚಾ, ಕೇಳಲಿಲ್ಲೇನ್ರಿ?"

"ಎಲ್ಲಿ? ನನಗೇನ ಗೊತ್ತಾಗಲಿಲ್ಲಪಾ."

ರೊಜಿನ್‌ಬಾಯಿಯನ್ನು ಕೇಳಿದ. ಎಲ್ಲ ಚೆನ್ನಾಯಿತು ಮಗಾ ಎಂದು ಕೊಂಕಣಿಯಲ್ಲಿ ಹೇಳಿ ತಲೆ ಸವರಿದಳು. ಪಾದ್ರಿಯೂ ನಕ್ಕು ಕೈಕುಲುಕಿದರು.

"ಯಾರರೆ ಒಬ್ಬರು ನನಗ ಬೈಯ್ರಿ!" ಎಂದ ಮಲಕಪ್ಪ, ದನಿ ಒಡೆದು. ಅವನಿಗೆ ಮಾಸ್ತರರು ಬೇಕಾಗಿದ್ದರು, ಅಷ್ಟೇ. ಹುಚ್ಚು ಹಿಡಿದಿದೆಯೆಂದುಕೊಂಡು ಶಫೀಸಾಬ ಉಳಿದವರನ್ನು ಕರೆದುಕೊಂಡು ಕಾಣಕೋಣದ ಮದುವೆಗೆ ಟೆಂಪೋ ಹತ್ತಿದ.

ಇಗರ್ಜಿಯ ಹಿಂದೆ ಮಾಸ್ತರರ ಹೊಸ ಗೋರಿಯ ಮಣ್ಣು ಇನ್ನೂ ಕೆಂಪಗಿತ್ತು. ಮಲಕಪ್ಪ ಅದರ ಮುಂದೆ ನಿಂತು ಮೂರನೆಯ ಹಾಳೆ ಬಿಡಿಸಿದ. ತಿದ್ದಲಿಲ್ಲ. ಆ ಸ್ವರವನ್ನು ತಪ್ಪಾಗಿಯೇ, ಜೋರಾಗಿ ಊದಿದ. ಆಮೇಲೆ ಕಾರ್ನೆಟ್ ಇಳಿಸಿ, ಗೆಣ್ಣು ಮೇಲಾಗಿ ಕೈ ಮುಂದೆ ಚಾಚಿ, ತಲೆ ತಗ್ಗಿಸಿ ನಿಂತ.